ಸೈಟೇಷನ್ ಎಷ್ಟು ಅಂತ ಕೇಳುವ ಮುಂಚೆ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಉತ್ತರ ಕನ್ನಡದವು. ಅದರಲ್ಲೂ ಸಂಶೋಧನೆ, ಪಿಎಚ್‌ಡಿ, ಪೇಪರ್, ಸೈಟೇಷನ್ ಅಂತಲೇ ಕೇಳಿದ್ದೀರಿ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಕಂತನ್ನು ಪೂರ್ತಿ ಇದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗಳು ಬೆಂಗಳೂರಿನಲ್ಲಿ ಜೀವಕೋಶ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಐದನೇ ವರ್ಷ. ಈಸ್ಟ್, ಬ್ರೆಡ್ ಉಬ್ಬಿಸಲು ಹಾಕುತ್ತಾರಲ್ಲ, ಅದರ ಮೇಲೆ ಕೆಲಸ ಅನ್ನುತ್ತಾಳೆ. ಈವರೆಗೆ ಬಂದಿದ್ದು ಒಂದೇ ಪೇಪರ್, ಅದಕ್ಕೆ ಒಂಬತ್ತು ಸೈಟೇಷನ್. ನೆಂಟರ ಹುಡುಗ ಕಂಪ್ಯೂಟರ್ ವಿಷಯದಲ್ಲಿ ಪಿಎಚ್‌ಡಿ, ಅವನಿಗೆ ಮುನ್ನೂರು ದಾಟಿದೆಯಂತೆ. ಮದುವೆ ಮನೆಗೆ ಹೋದರೂ ಇದೇ ಮಾತು. ಮಗಳು ಹಿಂದೆ ಬಿದ್ದಿದ್ದಾಳಾ? ದಯವಿಟ್ಟು ನೇರವಾಗಿ ಹೇಳಿ.
— ಒಬ್ಬ ತಾಯಿ, ಶಿರಸಿ

ಉತ್ತರ: ನೇರವಾಗಿಯೇ ಹೇಳುತ್ತೇನೆ. ಇಲ್ಲ, ಹಿಂದೆ ಬಿದ್ದಿಲ್ಲ.

ಸೈಟೇಷನ್ ಅಂದರೆ ಇಷ್ಟೇ. ಒಬ್ಬರು ಪೇಪರ್, ಅಂದರೆ ಸಂಶೋಧನಾ ಬರಹ, ಬರೆಯುವಾಗ ಹಿಂದೆ ಯಾರ ಕೆಲಸ ಬಳಸಿಕೊಂಡರೋ ಅವರ ಹೆಸರನ್ನು ಕೊನೆಯಲ್ಲಿ ಪಟ್ಟಿ ಮಾಡುತ್ತಾರೆ. ಆ ಪಟ್ಟಿಯಲ್ಲಿ ನಿಮ್ಮ ಮಗಳ ಪೇಪರ್ ಒಂಬತ್ತು ಕಡೆ ಬಂದಿದೆ. ಅಂದರೆ ಒಂಬತ್ತು ಗುಂಪಿನವರು ತಮ್ಮ ಕೆಲಸ ಬರೆಯುವಾಗ ಅವಳದ್ದನ್ನು ನೆನೆದಿದ್ದಾರೆ. ಇದನ್ನೆಲ್ಲ ಎಣಿಸುವ ವ್ಯವಸ್ಥೆ ಶುರು ಮಾಡಿದವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್. 1955ರಲ್ಲಿ ಈ ಯೋಚನೆ ಮುಂದಿಟ್ಟರು, 1964ರಲ್ಲಿ ಸೈನ್ಸ್ ಸೈಟೇಷನ್ ಇಂಡೆಕ್ಸ್ ಹೊರಬಂತು. ಅವರ ಮುಖ್ಯ ಉದ್ದೇಶ ಹುಡುಕಾಟ ಸುಲಭ ಮಾಡುವುದು: ಒಂದು ಹಳೆಯ ಪೇಪರ್ ಹಿಡಿದರೆ ಅದರ ಮೇಲೆ ಮುಂದೆ ಯಾರು ಏನು ಕಟ್ಟಿದರು ಅಂತ ಸಿಗಬೇಕು. ಮನುಷ್ಯರಿಗೆ ಅಂಕ ಕೊಡಲು ಅದನ್ನು ಬಳಸಿದ್ದು ಆಮೇಲೆ.

ಈಗ ಒಂಬತ್ತು ಜಾಸ್ತಿಯೋ ಕಡಿಮೆಯೋ ನೋಡೋಣ. 2014ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆ, ವೆಬ್ ಆಫ್ ಸೈನ್ಸ್ ಎಂಬ ಸೈಟೇಷನ್ ದಾಖಲೆಯಲ್ಲಿ ಆಗ ಇದ್ದ ಸುಮಾರು 5.8 ಕೋಟಿ ಬರಹಗಳ ಲೆಕ್ಕ ತೆಗೆಯಿತು. ಅದರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟನ್ನು ಯಾರೂ ಉಲ್ಲೇಖಿಸಿರಲಿಲ್ಲ, ಇಲ್ಲವೇ ಒಂದೇ ಒಂದು ಸಲ ಉಲ್ಲೇಖಿಸಿದ್ದರು. ಸಾವಿರ ದಾಟಿದವು 14,499 ಮಾತ್ರ. ನಿಮ್ಮ ಮಗಳಿಗೆ ಇದು ಮೊದಲ ಪೇಪರ್, ಇನ್ನೂ ವಿದ್ಯಾರ್ಥಿನಿ, ಒಂಬತ್ತು ಜನ ಗಮನಿಸಿದ್ದಾರೆ. ಇದು ಒಳ್ಳೆಯ ಶುರುವಾತು.

ನೆಂಟರ ಹುಡುಗನ ಮುನ್ನೂರು ಕೂಡ ನಿಜವಾದ ಮುನ್ನೂರೇ, ಅವನ ಶ್ರಮವನ್ನು ಕಡಿಮೆ ಮಾಡಬೇಡಿ. ಆದರೆ ಅವನ ವಿಷಯದಲ್ಲಿ ಕೆಲಸ ಮಾಡುವವರು ತುಂಬಾ ಜನ, ಪೇಪರ್‌ಗಳು ಬೇಗ ಬೇಗ ಬರುತ್ತವೆ, ಒಬ್ಬರನ್ನೊಬ್ಬರು ಕೂಡಲೇ ಉಲ್ಲೇಖಿಸುತ್ತಾರೆ. ಈಸ್ಟ್‌ನ ಒಂದು ಪ್ರೊಟೀನ್ ಹಿಂದೆ ಬಿದ್ದವರು ಜಗತ್ತಿನಲ್ಲಿ ಕೆಲವೇ ಲ್ಯಾಬ್‌ಗಳಲ್ಲಿ ಇರಬಹುದು. ಅಡಿಕೆಯ ಕ್ವಿಂಟಲ್ ಲೆಕ್ಕವನ್ನು ಏಲಕ್ಕಿಗೆ ಹಚ್ಚಿ, ಏಲಕ್ಕಿ ಬೆಳೆದವನು ಸೋತ ಅಂದರೆ ಶಿರಸಿಯಲ್ಲಿ ಯಾರಾದರೂ ಒಪ್ಪುತ್ತಾರಾ?

ಮಗಳದ್ದು ಈಸ್ಟ್ ಅಂದಿರಲ್ಲ, ಹಾಗಾಗಿ ಯೋಶಿನೊರಿ ಓಸುಮಿ ಅವರ ವಿಷಯ ಹೇಳಲೇಬೇಕು. ಇದನ್ನು ಮದುವೆ ಮನೆಯಲ್ಲೂ ಹೇಳಿ.

ಓಸುಮಿ ಜಪಾನಿನ ಜೀವಕೋಶ ವಿಜ್ಞಾನಿ, ಹುಟ್ಟಿದ್ದು 1945ರಲ್ಲಿ. ಟೋಕಿಯೊದಲ್ಲಿ ಪಿಎಚ್‌ಡಿ ಮುಗಿಸಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಮೊದಲು ಇಲಿಯ ಅಂಡಾಣು, ಆಮೇಲೆ ಈಸ್ಟ್. 1977ರಲ್ಲಿ ವಾಪಸ್ ಬಂದು ಇನ್ನೊಬ್ಬರ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದರು. ಸ್ವಂತ ಲ್ಯಾಬ್ ಅಂತ ಸಿಕ್ಕಿದ್ದು 1988ರಲ್ಲಿ, 43ನೇ ವಯಸ್ಸಿಗೆ. ಅವರು ಆರಿಸಿಕೊಂಡ ವಿಷಯ ಈಸ್ಟ್ ಕೋಶದೊಳಗಿನ ವ್ಯಾಕ್ಯೂಲ್ ಎಂಬ ಚೀಲ. ಅದು ಕೋಶದ ಕಸ ಸೇರುವ ಜಾಗ ಅಂತಷ್ಟೇ ಆಗ ಬಹಳ ಜನ ಎಣಿಸಿದ್ದರು, ಅದರಲ್ಲಿ ಆಸಕ್ತಿ ಇದ್ದವರು ಕಡಿಮೆ. ಬೇರೆಯವರು ಮಾಡದ ಕೆಲಸ ಮಾಡಬೇಕು ಅನ್ನುವುದು ಅವರ ಸ್ವಭಾವ. ಅದನ್ನು ಅವರು ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ.

ಅವರು ಮಾಡಿದ್ದು ನೋಡಿ. ಜೀವಕೋಶ ಉಪವಾಸ ಬಿದ್ದಾಗ ತನ್ನದೇ ಒಳಗಿನ ಸಾಮಾನನ್ನು ಒಡೆದು ಮತ್ತೆ ಬಳಸಿಕೊಳ್ಳುತ್ತದೆ. ಇದಕ್ಕೆ ಆಟೊಫೇಜಿ ಅಂತ 1963ರಲ್ಲೇ ಕ್ರಿಶ್ಚಿಯನ್ ಡಿ ಡ್ಯೂವ್ ಎಂಬ ವಿಜ್ಞಾನಿ ಹೆಸರಿಟ್ಟಿದ್ದರು. ಆದರೆ ಅದು ಹೇಗೆ ನಡೆಯುತ್ತದೆ, ಯಾವ ಜೀನ್‌ಗಳು ನಡೆಸುತ್ತವೆ ಅನ್ನುವುದು ಕತ್ತಲಲ್ಲೇ ಇತ್ತು. ಈಸ್ಟ್ ಬಹಳ ಸಣ್ಣದು, ಒಳಗೆ ನಡೆಯುವುದು ಕಾಣುವುದೇ ಕಷ್ಟ. ಓಸುಮಿ ಒಂದು ಉಪಾಯ ಮಾಡಿದರು. ವ್ಯಾಕ್ಯೂಲಿನಲ್ಲಿ ಜೀರ್ಣಿಸುವ ಕಿಣ್ವ ಇಲ್ಲದ ಈಸ್ಟ್ ತಳಿ ತೆಗೆದುಕೊಂಡು ಅದನ್ನು ಉಪವಾಸ ಕೆಡವಿದರು. ಜೀರ್ಣ ಆಗದೆ ಇದ್ದರೆ ಒಳಗೆ ಬಂದ ಸಾಮಾನೆಲ್ಲ ಅಲ್ಲೇ ಕೂಡಿಬೀಳಬೇಕು, ಕೂಡಿಬಿದ್ದರೆ ಕಾಣಬೇಕು, ಇದು ಅವರ ಲೆಕ್ಕ. ಕೆಲವೇ ಹೊತ್ತಿನಲ್ಲಿ ವ್ಯಾಕ್ಯೂಲಿನ ತುಂಬ ಸಣ್ಣ ಸಣ್ಣ ಗುಳ್ಳೆಗಳು ಓಡಾಡುವುದು ಸಾಮಾನ್ಯ ಮೈಕ್ರೊಸ್ಕೋಪಿನಲ್ಲೇ ಕಂಡಿತು. ಅದನ್ನು ಪ್ರಕಟಿಸಿದ್ದು 1992ರಲ್ಲಿ. ಮರುವರ್ಷ ವಿದ್ಯಾರ್ಥಿನಿ ಮಿಕಿ ತ್ಸುಕಡ ಜೊತೆ ಸೇರಿ, ಈ ಕೆಲಸ ಮಾಡಲಾಗದ ಈಸ್ಟ್ ತಳಿಗಳನ್ನು ಒಂದೊಂದಾಗಿ ಆರಿಸಿ, ಅದರ ಹಿಂದಿರುವ 15 ಜೀನ್‌ಗಳ ಗುರುತು ಹಿಡಿದರು.

ಆ ಎರಡನೇ ಪೇಪರ್ ಬಂದಿದ್ದು ಫೆಬ್ಸ್ ಲೆಟರ್ಸ್ ಎಂಬ ಪತ್ರಿಕೆಯಲ್ಲಿ. ಒಳ್ಳೆಯ ಪತ್ರಿಕೆಯೇ, ಆದರೆ ಎಲ್ಲರೂ ಹೆಸರು ಹೇಳಿ ಬೀಗುವ ನೇಚರ್, ಸೆಲ್, ಸೈನ್ಸ್‌ಗಳ ಸಾಲಿನದಲ್ಲ. ಆಗ ಆಟೊಫೇಜಿ ಮೇಲೆ ಕೆಲಸ ಮಾಡುವವರೇ ಕಡಿಮೆ, ಮತ್ತೆ ಉಲ್ಲೇಖಿಸುವವರು ಎಲ್ಲಿಂದ ಬರಬೇಕು? ಅದೇ ಜೀನ್‌ಗಳು ಮನುಷ್ಯರಲ್ಲೂ ಇವೆ, ಪಾರ್ಕಿನ್ಸನ್, ಕ್ಯಾನ್ಸರ್, ಸೋಂಕು ಎಲ್ಲದಕ್ಕೂ ಇದರ ನಂಟಿದೆ ಅಂತ ಮುಂದಿನ ವರ್ಷಗಳಲ್ಲಿ ಗೊತ್ತಾಗುತ್ತ ಹೋದ ಹಾಗೆ ಜನ ಬಂದರು. ಈಗ ಆಟೊಫೇಜಿ ಮೇಲೆ ವರ್ಷಕ್ಕೆ ಸಾವಿರಾರು ಪೇಪರ್ ಬರುತ್ತವೆ. 2016ರ ವೈದ್ಯಕೀಯ ನೊಬೆಲ್ ಓಸುಮಿ ಒಬ್ಬರಿಗೇ ಸಿಕ್ಕಿತು, ಆಗ ಅವರಿಗೆ 71 ವರ್ಷ. 1994ರಲ್ಲಿ ಯಾರಾದರೂ ಕುಳಿತು ಸೈಟೇಷನ್ ಎಣಿಸಿ ಅವರ ಲ್ಯಾಬ್ ಮುಂದುವರಿಸಬೇಕೋ ಬೇಡವೋ ಅಂತ ತೀರ್ಮಾನ ಮಾಡಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ನನಗೆ ಸಂಕಟ ಆಗುತ್ತದೆ.

ಎಲ್ಲ ಪೇಪರ್‌ಗೂ ಹಾಗೆ ಕಾಲ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಬಹಳಷ್ಟಕ್ಕೆ ಬರುವುದಿಲ್ಲ. ನಾನು ಹೇಳುವುದು, ಐದನೇ ವರ್ಷದಲ್ಲಿ ಆ ಸಂಖ್ಯೆ ನೋಡಿ ಏನೂ ಹೇಳಲು ಬರುವುದಿಲ್ಲ ಅಂತ. ಮುಂದಿನ ಸಲ ಮಗಳು ಊರಿಗೆ ಬಂದಾಗ ಸೈಟೇಷನ್ ಕೇಳಬೇಡಿ. ನಿನ್ನ ಪೇಪರ್ ಬರುವ ಮುಂಚೆ ಯಾರಿಗೂ ಗೊತ್ತಿಲ್ಲದ ಯಾವ ಸಂಗತಿ ಈಗ ಗೊತ್ತಾಗಿದೆ, ಅದನ್ನು ಕೇಳಿ. ಅಡುಗೆಮನೆಯಲ್ಲಿ ಕುಳಿತು ಅರ್ಧ ಗಂಟೆ ವಿವರಿಸಲಿ. ಅವಳಿಗೂ ಅದು ಬೇಕಾಗಿರುತ್ತದೆ.

ಪ್ರಶ್ನೆ: ಕಾರವಾರ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರ ಎಂಎಸ್ಸಿ ಮುಗಿಸಿದ್ದೇನೆ. ಜೀವಕೋಶ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುವ ಆಸೆ. ಇಬ್ಬರು ಗೈಡ್‌ಗಳು ಒಪ್ಪಿದ್ದಾರೆ. ಒಬ್ಬರ ಎಚ್-ಇಂಡೆಕ್ಸ್ 52, ಇನ್ನೊಬ್ಬರದ್ದು 13. ಗೆಳೆಯರೆಲ್ಲ 52 ಅಂತಾರೆ. ನನಗೆ 13 ಇರುವವರ ವಿಷಯ ಇಷ್ಟ. ಏನು ಮಾಡಲಿ?
— ಒಬ್ಬ ವಿದ್ಯಾರ್ಥಿ, ಕಾರವಾರ

ಉತ್ತರ: ಎಚ್-ಇಂಡೆಕ್ಸ್ ಅಂದರೆ ಒಬ್ಬ ವಿಜ್ಞಾನಿಯ ಪೇಪರ್, ಸೈಟೇಷನ್ ಎರಡನ್ನೂ ಸೇರಿಸಿ ಕೊಡುವ ಒಂದು ಅಂಕ, ಅದು ಹೇಗೆ ಬರುತ್ತದೆ ಅಂತ ಮೊದಲು ತಿಳಿದುಕೊಳ್ಳಿ, ಅರ್ಧ ಹೆದರಿಕೆ ಹೋಗುತ್ತದೆ. ಒಬ್ಬರ ಐದು ಪೇಪರ್‌ಗಳಿಗೆ 40, 22, 9, 5, 3 ಸೈಟೇಷನ್ ಇದೆ ಅನ್ನಿ. ಕನಿಷ್ಠ ನಾಲ್ಕು ಸೈಟೇಷನ್ ಇರುವ ನಾಲ್ಕು ಪೇಪರ್ ಇವೆ, ಆದರೆ ಐದು ಇರುವ ಐದು ಇಲ್ಲ. ಹಾಗಾಗಿ ಎಚ್ 4. ಅಷ್ಟೇ. 2005ರಲ್ಲಿ ಜಾರ್ಜ್ ಹಿರ್ಶ್ ಎಂಬ ಭೌತವಿಜ್ಞಾನಿ ಇದನ್ನು ಸೂಚಿಸಿದರು. ಭೌತವಿಜ್ಞಾನದಲ್ಲಿ ಇಪ್ಪತ್ತು ವರ್ಷದ ಕೆಲಸಕ್ಕೆ 20 ಬಂದರೆ ಯಶಸ್ವಿ ಅನ್ನಬಹುದು ಅಂತ ಅವರೇ ಬರೆದರು. ಜೀವವಿಜ್ಞಾನದಲ್ಲಿ ಈ ಅಂಕ ಬಹಳ ಎತ್ತರ ಹೋಗುತ್ತದೆ ಅಂತಲೂ ಅದೇ ಪೇಪರ್‌ನಲ್ಲಿದೆ. ಅವರ ಪಟ್ಟಿಯಲ್ಲಿ ಭೌತವಿಜ್ಞಾನದ ಮೊದಲಿಗ ಎಡ್ವರ್ಡ್ ವಿಟನ್ ಅವರದ್ದು 110, ಜೀವವಿಜ್ಞಾನದ ಮೊದಲಿಗ ಸಾಲೊಮನ್ ಸ್ನೈಡರ್ ಅವರದ್ದು 191.

ಈ ಅಂಕ ಏರುತ್ತದೆ, ಯಾವತ್ತೂ ಇಳಿಯುವುದಿಲ್ಲ. ಹತ್ತು ವರ್ಷ ಏನೂ ಮಾಡದೆ ಇದ್ದರೂ ಹಳೆಯ ಪೇಪರ್‌ಗಳಿಂದ ಮೇಲೆ ಹೋಗುತ್ತಲೇ ಇರಬಹುದು. ನೂರು ಜನರ ಪೇಪರ್‌ನಲ್ಲಿ ಎಪ್ಪತ್ತನೇ ಹೆಸರು ಇದ್ದರೂ ಪೂರ್ತಿ ಲೆಕ್ಕಕ್ಕೆ ಸೇರುತ್ತದೆ. ಹೀಗಾಗಿ 52 ಅನ್ನುವುದರಲ್ಲಿ ಒಳ್ಳೆಯ ಕೆಲಸವೂ ಇರಬಹುದು, ವಯಸ್ಸೂ ಇರಬಹುದು, ದೊಡ್ಡ ಗುಂಪೂ ಇರಬಹುದು. 13 ಇರುವವರು ಲ್ಯಾಬ್ ಶುರು ಮಾಡಿ ಆರು ವರ್ಷ ಆಗಿರಬಹುದು.

ಜಾಸ್ತಿ ಸೈಟೇಷನ್ ಅಂದರೆ ದೊಡ್ಡ ಶೋಧ ಅಂತಲೂ ಅಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಉಲ್ಲೇಖ ಆದ ಪೇಪರ್ ಯಾವುದು ಗೊತ್ತಾ? 1951ರಲ್ಲಿ ಆಲಿವರ್ ಲೌರಿ ಮತ್ತು ಜೊತೆಗಾರರು ಬರೆದಿದ್ದು. ಒಂದು ದ್ರಾವಣದಲ್ಲಿ ಪ್ರೊಟೀನ್ ಎಷ್ಟಿದೆ ಅಂತ ಅಳೆಯುವ ವಿಧಾನ, ನೀವೂ ಎಂಎಸ್ಸಿ ಪ್ರಾಕ್ಟಿಕಲ್‌ನಲ್ಲಿ ಮಾಡಿಯೇ ಇರುತ್ತೀರಿ, ನೀಲಿ ಬಣ್ಣ ಬರುತ್ತದಲ್ಲ, ಅದೇ. 2014ರ ಲೆಕ್ಕದಲ್ಲಿ ಅದಕ್ಕೆ ಮೂರು ಲಕ್ಷಕ್ಕೂ ಮಿಕ್ಕಿ ಸೈಟೇಷನ್. ಅದು ಮಹಾ ಪೇಪರ್ ಏನಲ್ಲ ಅಂತ ಲೌರಿಯವರೇ ಹೇಳಿದ್ದರು. ಡಿಎನ್‌ಎ ಸುರುಳಿಯ ರಚನೆ ಕಂಡುಹಿಡಿದ 1953ರ ಪೇಪರ್‌ಗೆ ಅದೇ ಪಟ್ಟಿಯ ಮೊದಲ ನೂರರಲ್ಲಿ ಜಾಗ ಇಲ್ಲ. ವಿಧಾನಗಳನ್ನು ಎಲ್ಲರೂ ಬಳಸುತ್ತಾರೆ, ಬಳಸಿದವರೆಲ್ಲ ಉಲ್ಲೇಖಿಸುತ್ತಾರೆ. ದೊಡ್ಡ ಶೋಧಗಳು ಪಠ್ಯಪುಸ್ತಕ ಸೇರಿದ ಮೇಲೆ ಯಾರೂ ಅವುಗಳ ಹೆಸರು ಬರೆಯುವುದಿಲ್ಲ.

ಈಗ ನಿಮ್ಮ ಪ್ರಶ್ನೆ. ಇಬ್ಬರ ಇತ್ತೀಚಿನ ಮೂರು ನಾಲ್ಕು ಪೇಪರ್ ಪೂರ್ತಿ ಓದಿ. ಅರ್ಥ ಆಗದಿದ್ದರೆ ಕೋಡಿಬಾಗದ ನಿಮ್ಮ ಮೇಷ್ಟ್ರ ಹತ್ತಿರ ಕುಳಿತು ಓದಿ. ಮೊದಲ ಹೆಸರು ಯಾರದ್ದು ನೋಡಿ, ವಿದ್ಯಾರ್ಥಿಗಳದ್ದು ಇದೆಯಾ? ಆ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ? ಎಷ್ಟು ಜನ ಮಧ್ಯದಲ್ಲಿ ಬಿಟ್ಟು ಹೋಗಿದ್ದಾರೆ? ಲ್ಯಾಬಿಗೆ ಹೋಗಿ ಒಂದು ದಿನ ಇರಿ, ಗೈಡ್ ಇಲ್ಲದ ಹೊತ್ತಿನಲ್ಲಿ ಹುಡುಗರ ಹತ್ತಿರ ಮಾತಾಡಿ, ಊಟದ ಹೊತ್ತಿನಲ್ಲಿ ಎಲ್ಲ ಗೊತ್ತಾಗುತ್ತದೆ. ಪ್ರಯೋಗ ಕೆಟ್ಟಾಗ ಅವರು ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದನ್ನು ಖಂಡಿತ ಕೇಳಿ, ಪಿಎಚ್‌ಡಿಯಲ್ಲಿ ಜಾಸ್ತಿ ದಿನ ಪ್ರಯೋಗ ಕೆಡುತ್ತದೆ. ಇದೆಲ್ಲ ಸರಿ ಇದ್ದರೆ ನಾನಂತೂ ವಿಷಯ ಇಷ್ಟ ಆದವರ ಹತ್ತಿರವೇ ಹೋಗಿ ಅನ್ನುತ್ತೇನೆ. ಐದಾರು ವರ್ಷ ಅದೇ ವಿಷಯದ ಜೊತೆ ಏಳಬೇಕು, ಮಲಗಬೇಕು.

ಕಡಲ ಜೀವಶಾಸ್ತ್ರ ಓದಿ ಜೀವಕೋಶ ವಿಜ್ಞಾನಕ್ಕೆ ಹೋಗುವುದು ದಾರಿ ತಪ್ಪಿದ ಹಾಗೆ ಅಂತ ಯಾರಾದರೂ ಅಂದರೆ ಟಿಮ್ ಹಂಟ್ ಹೆಸರು ಹೇಳಿ. 1982ರ ಬೇಸಿಗೆಯಲ್ಲಿ ಅಮೆರಿಕದ ವುಡ್ಸ್ ಹೋಲ್ ಕಡಲ ಪ್ರಯೋಗಾಲಯದಲ್ಲಿ, ಸೀ ಅರ್ಚಿನ್ ಎಂಬ ಮುಳ್ಳುಮುಳ್ಳು ಜೀವಿಯ ಮೊಟ್ಟೆ ಇಟ್ಟುಕೊಂಡು ಕೆಲಸ ಮಾಡುವಾಗ, ಕೋಶ ಒಡೆದು ಎರಡಾಗುವ ಹೊತ್ತಿಗೆ ಸರಿಯಾಗಿ ಮಾಯವಾಗುವ ಒಂದು ಪ್ರೊಟೀನ್ ಅವರಿಗೆ ಕಂಡಿತು. ಅದೇ ಸೈಕ್ಲಿನ್. 2001ರಲ್ಲಿ ನೊಬೆಲ್ ಬಂತು.

ಪ್ರಶ್ನೆ: ರಾತ್ರಿ ಬಲೆ ಎಳೆಯುವಾಗ ಕೆಲವು ದಿನ ನೀರು ನೀಲಿಯಾಗಿ ಹೊಳೆಯುತ್ತದೆ. ಇಂಥ ಬೆಳಕಿಗೂ ವಿಜ್ಞಾನಿಗಳು ನೊಬೆಲ್ ಪಡೆದಿದ್ದಾರೆ ಅಂತ ಕೇಳಿದೆ. ಹೌದಾ?
— ಮೀನುಗಾರ ಯುವಕ, ಹೊನ್ನಾವರ

ಉತ್ತರ: ಬೆಳಕು ಕೊಡುವ ಕಡಲ ಜೀವಿಗೇ ಬಂದಿದೆ, ಆದರೆ ಬೇರೆ ಜೀವಿ. ನಮ್ಮ ಕರಾವಳಿಯಲ್ಲಿ ಹೀಗೆ ಹೊಳೆಯುವುದು ಸಾಮಾನ್ಯವಾಗಿ ನೊಕ್ಟಿಲೂಕ ಎಂಬ ಏಕಕೋಶ ಜೀವಿಯಿಂದ. ಇಡೀ ಜೀವಿ ಒಂದೇ ಕೋಶ, ಆದರೂ ಬರಿಗಣ್ಣಿಗೆ ಸಣ್ಣ ಚುಕ್ಕೆಯಾಗಿ ಕಾಣುವಷ್ಟು ದೊಡ್ಡದು. ಬಲೆಯೋ ಅಲೆಯೋ ತಾಗಿದಾಗ ಅದರೊಳಗೆ ರಾಸಾಯನಿಕ ಕ್ರಿಯೆ ನಡೆದು ಬೆಳಕು ಬರುತ್ತದೆ.

ನೊಬೆಲ್ ಬಂದಿದ್ದು ಅಮೆರಿಕದ ಪಶ್ಚಿಮ ತೀರದ ಒಂದು ಜೆಲ್ಲಿಮೀನಿನ ವಿಷಯಕ್ಕೆ. ಒಸಾಮು ಶಿಮೊಮುರಾ 1961ರಲ್ಲಿ ಫ್ರೈಡೇ ಹಾರ್ಬರ್ ಎಂಬಲ್ಲಿ ಸಾವಿರಗಟ್ಟಲೆ ಜೆಲ್ಲಿಮೀನು ಹಿಡಿದು, ಅಂಚು ಕತ್ತರಿಸಿ, ಹಿಂಡಿ, ಬೆಳಕು ಕೊಡುವ ಪ್ರೊಟೀನ್ ಬೇರೆ ಮಾಡಿದರು. ಅದರ ಜೊತೆಗೇ ಹಸಿರಾಗಿ ಹೊಳೆಯುವ ಇನ್ನೊಂದು ಪ್ರೊಟೀನೂ ಸಿಕ್ಕಿತು. 1962ರ ಪೇಪರ್‌ನಲ್ಲಿ ಅದಕ್ಕೆ ಸಿಕ್ಕ ಜಾಗ ತೀರಾ ಸ್ವಲ್ಪ. ಮೂವತ್ತು ವರ್ಷ ಅದು ಹಾಗೇ ಇತ್ತು. 1992ರಲ್ಲಿ ಡಗ್ಲಸ್ ಪ್ರಾಶರ್ ಅದರ ಜೀನ್ ಬೇರೆ ಮಾಡಿದರು. ಆಮೇಲೆ ಅವರ ಸಂಶೋಧನೆಗೆ ಹಣ ಸಿಗಲಿಲ್ಲ, ಆ ಜೀನನ್ನು ಕೇಳಿದವರಿಗೆ ಕೊಟ್ಟರು. ಮಾರ್ಟಿನ್ ಚಾಲ್ಫಿ 1994ರಲ್ಲಿ ಅದನ್ನು ಒಂದು ಸಣ್ಣ ಹುಳುವಿನೊಳಗೆ ಹೊಳೆಯುವಂತೆ ಮಾಡಿದರು, ರೋಜರ್ ಚಿಯೆನ್ ಬೇರೆ ಬೇರೆ ಬಣ್ಣ ತಂದರು. ಜೀವಂತ ಕೋಶದಲ್ಲಿ ಯಾವ ಪ್ರೊಟೀನ್ ಎಲ್ಲಿ ಓಡಾಡುತ್ತಿದೆ ಅಂತ ಇವತ್ತು ಕಣ್ಣಾರೆ ನೋಡಲು ಆಗುವುದು ಇದರಿಂದ. ಜಗತ್ತಿನ ಹೆಚ್ಚುಕಡಿಮೆ ಎಲ್ಲ ಜೀವಕೋಶ ಲ್ಯಾಬಿನಲ್ಲೂ ಬಳಸುತ್ತಾರೆ.

2008ರ ರಸಾಯನ ನೊಬೆಲ್ ಶಿಮೊಮುರಾ, ಚಾಲ್ಫಿ, ಚಿಯೆನ್ ಮೂವರಿಗೆ ಬಂತು. ಆ ಹೊತ್ತಿಗೆ ಪ್ರಾಶರ್ ಒಂದು ಕಾರು ಮಳಿಗೆಯಲ್ಲಿ ಗಿರಾಕಿಗಳನ್ನು ಕರೆದುಕೊಂಡು ಹೋಗಿ ಬಿಡುವ ವ್ಯಾನಿನ ಚಾಲಕರಾಗಿದ್ದರು. ಚಾಲ್ಫಿ ಮತ್ತು ಚಿಯೆನ್ ಅವರನ್ನು ಸಮಾರಂಭಕ್ಕೆ ಕರೆಸಿಕೊಂಡರು, ಅದು ದೊಡ್ಡ ಮನಸ್ಸು. ಆದರೂ ಪ್ರಾಶರ್‌ಗೆ ಬೇಕಾಗಿದ್ದ ಹೊತ್ತಿಗೆ ಹಣ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು.

ಪ್ರಶ್ನೆ: ಕುಮಟಾ ಕಡೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಉಪನ್ಯಾಸಕ. ಅಘನಾಶಿನಿ ಅಳಿವೆಯ ಬೆಳಚು ಎಂಬ ಚಿಪ್ಪುಜೀವಿಯ ಮೇಲೆ ಕೆಲಸ ಮಾಡಿದ್ದೇನೆ, ಉಪ್ಪಿನಂಶ ಏರುಪೇರಾದಾಗ ಅದರ ಕಿವಿರಿನ ಕೋಶಗಳಿಗೆ ಏನಾಗುತ್ತದೆ ಅಂತ. ನಾಲ್ಕೇ ಸೈಟೇಷನ್. ಬಡ್ತಿಗೆ ಪೇಪರ್ ಬೇಕು. ಏಳು ದಿನದಲ್ಲಿ ಪ್ರಕಟಿಸುತ್ತೇವೆ, ಹಣ ಕಳಿಸಿ ಅಂತ ದಿನಾ ಮೇಲ್ ಬರುತ್ತದೆ. ಪರಿಚಯದವರೊಬ್ಬರು, ನೀನು ನನ್ನದನ್ನು ಸೈಟ್ ಮಾಡು ನಾನು ನಿನ್ನದನ್ನು ಮಾಡುತ್ತೇನೆ ಅನ್ನುತ್ತಿದ್ದಾರೆ. ಎಲ್ಲರೂ ಮಾಡುತ್ತಾರೆ, ಅಲ್ವಾ?
— ಉಪನ್ಯಾಸಕ, ಕುಮಟಾ

ಉತ್ತರ: ಎಲ್ಲರೂ ಮಾಡುವುದಿಲ್ಲ ಸರ್. ದಯವಿಟ್ಟು ನೀವೂ ಮಾಡಬೇಡಿ.

ಏಳು ದಿನದಲ್ಲಿ ಪ್ರಕಟಿಸುತ್ತೇವೆ ಅಂದರೆ ನಿಮ್ಮ ಪೇಪರ್ ಯಾರೂ ಓದುವುದಿಲ್ಲ ಅಂತ ಅರ್ಥ. ತಿಳಿದವರಿಬ್ಬರು ಓದಿ, ತಪ್ಪು ಹುಡುಕಿ, ನೀವು ತಿದ್ದಿ ಕಳಿಸಿ, ಅದನ್ನು ಮತ್ತೆ ನೋಡಲು ವಾರ ಸಾಲುವುದಿಲ್ಲ. ಅಂಥ ಕಡೆ ಒಮ್ಮೆ ಹಾಕಿದರೆ ಆ ದತ್ತಾಂಶ ಅಲ್ಲಿಗೇ ಮುಗಿಯಿತು, ಬೇರೆ ಒಳ್ಳೆಯ ಪತ್ರಿಕೆ ಅದನ್ನು ತೆಗೆದುಕೊಳ್ಳುವುದಿಲ್ಲ. ಮಳೆಗಾಲ, ಬೇಸಿಗೆ ಎನ್ನದೆ ಕೆಸರಿನಲ್ಲಿ ಇಳಿದು ತಂದ ಮಾದರಿಗಳು ಅವು. ಪತ್ರಿಕೆ ಸಾಚಾನಾ ಅಂತ ನೋಡಲು ಡಿಒಎಜೆ ಎಂಬ ಮುಕ್ತ ಪತ್ರಿಕೆಗಳ ಪಟ್ಟಿ ಇದೆ, ಅದರಲ್ಲಿ ಹುಡುಕಿ. ಸಂಪಾದಕ ಮಂಡಳಿಯಲ್ಲಿ ಹೆಸರಿರುವ ಒಬ್ಬಿಬ್ಬರಿಗೆ ಅವರ ಸಂಸ್ಥೆಯ ವಿಳಾಸಕ್ಕೇ ಬರೆದು ಕೇಳಿ, ತಮ್ಮ ಹೆಸರು ಅಲ್ಲಿರುವುದೇ ಗೊತ್ತಿಲ್ಲದವರೂ ಸಿಗುತ್ತಾರೆ. ಹಣ ಕೊಡದೆ ಪ್ರಕಟಿಸುವ ಒಳ್ಳೆಯ ಪತ್ರಿಕೆಗಳು ಈಗಲೂ ಬೇಕಾದಷ್ಟಿವೆ. ನಿಮ್ಮದು ಸರಕಾರಿ ಕಾಲೇಜಾದರೆ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆಯನ್ನು ಬಳಸಿಕೊಳ್ಳಿ, 2025ರ ಜನವರಿಯಿಂದ ಶುರುವಾಗಿದೆ, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಓದಬಹುದು. ಎಲ್ಲಿ ಕಳಿಸಬೇಕು ಅನ್ನುವುದು ಓದುತ್ತ ಹೋದರೆ ತಾನಾಗಿ ಗೊತ್ತಾಗುತ್ತದೆ.

ನೀನು ನನ್ನದು ನಾನು ನಿನ್ನದು ಅನ್ನುವ ವ್ಯವಹಾರದಲ್ಲಿ ಆ ಸಂಖ್ಯೆಗೆ ಇದ್ದ ಚೂರು ಅರ್ಥವೂ ಹೋಗುತ್ತದೆ. ಕೆಲಸ ಬಳಸಿಕೊಂಡಿದ್ದರೆ ಹೆಸರು ಹೇಳಬೇಕು, ಬಳಸಿಕೊಂಡಿಲ್ಲವಾದರೆ ಹೇಳಬಾರದು. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ನಾಲ್ಕೇ ಅನ್ನುವ ಬೇಸರ ಅರ್ಥ ಆಗುತ್ತದೆ. ಆದರೆ ಅಘನಾಶಿನಿಯ ಬೆಳಚಿನ ಮೇಲೆ ಕೆಲಸ ಮಾಡುವವರು ಜಗತ್ತಿನಲ್ಲಿ ಎಷ್ಟು ಜನ ಇದ್ದಾರೆ? ಅವರಲ್ಲಿ ನಾಲ್ವರು ನಿಮ್ಮನ್ನು ಓದಿದ್ದಾರೆ. ಆ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅಂತ ಪಟ್ಟಿ ಸೇರಿತು. ಬೆಳಚು ಹೆಕ್ಕಿ ಬದುಕುವ ಹೆಂಗಸರಿಗೆ, ಅಳಿವೆಯ ಬಗ್ಗೆ ನಾಳೆ ಏನೇ ತೀರ್ಮಾನ ಆಗಲಿ ಅದಕ್ಕೆ, ನಿಮ್ಮ ಹಾಗೆ ಅಲ್ಲೇ ನಿಂತು ಅಳೆದವರ ಅಂಕಿಅಂಶ ಬೇಕು. 2015ರಲ್ಲಿ ಸಂಶೋಧನೆ ಅಳೆಯುವ ಪರಿಣತರೇ ಸೇರಿ ಲೈಡನ್ ಮ್ಯಾನಿಫೆಸ್ಟೊ ಅಂತ ಹತ್ತು ಸೂತ್ರ ಬರೆದರು, ಅದರಲ್ಲಿ ಒಂದು ಇದೇ: ಸ್ಥಳೀಯವಾಗಿ ಮುಖ್ಯವಾದ ಒಳ್ಳೆಯ ಸಂಶೋಧನೆಯನ್ನು ಕಾಪಾಡಬೇಕು.

ಇಂಪ್ಯಾಕ್ಟ್ ಫ್ಯಾಕ್ಟರ್ ವಿಷಯವೂ ಹೇಳಿಬಿಡುತ್ತೇನೆ, ಬಡ್ತಿ ಸಮಿತಿಯಲ್ಲಿ ಅದರ ಮಾತು ಬಂದೇ ಬರುತ್ತದೆ. ಒಂದು ಪತ್ರಿಕೆ ಹಿಂದಿನ ಎರಡು ವರ್ಷ ಪ್ರಕಟಿಸಿದ ಪೇಪರ್‌ಗಳಿಗೆ ಈ ವರ್ಷ ಬಂದ ಸೈಟೇಷನ್‌ಗಳನ್ನು ಆ ಪೇಪರ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಅದು. ಅದು ಪತ್ರಿಕೆಯ ಸರಾಸರಿ. ನಾಲ್ಕಾರು ಪೇಪರ್‌ಗೆ ಭಾರಿ ಸೈಟೇಷನ್ ಬಂದರೆ ಸರಾಸರಿ ಮೇಲೆ ಹೋಗುತ್ತದೆ, ಉಳಿದವಕ್ಕೆ ಏನೂ ಬಂದಿರುವುದಿಲ್ಲ. ಅದನ್ನು ತಂದು ಒಬ್ಬ ಮನುಷ್ಯನ ಹಣೆಗೆ ಅಂಟಿಸುವುದು ತಪ್ಪು ಅಂತ ಜೋರಾಗಿ ಹೇಳಿದವರು ಜೀವಕೋಶ ವಿಜ್ಞಾನಿಗಳೇ. 2012ರ ಡಿಸೆಂಬರಿನಲ್ಲಿ ಅಮೆರಿಕದ ಜೀವಕೋಶ ವಿಜ್ಞಾನ ಸಂಘದ ವಾರ್ಷಿಕ ಸಭೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೇರಿದಾಗ ಕೆಲವು ಸಂಪಾದಕರು, ಪ್ರಕಾಶಕರು ಕೂತು ಮಾತಾಡಿ ಒಂದು ಘೋಷಣೆ ತಯಾರು ಮಾಡಿದರು. ಮರುವರ್ಷ ಮೇ ತಿಂಗಳಲ್ಲಿ ಅದು ಹೊರಬಂತು, ಡೋರಾ ಅಂತ ಕರೆಯುತ್ತಾರೆ. ಜಗತ್ತಿನಾದ್ಯಂತ ಸಾವಿರಾರು ಜನ, ಸಂಸ್ಥೆಗಳು ಸಹಿ ಹಾಕಿವೆ. ಅದರ ಒಂದು ಪ್ರತಿ ತೆಗೆದು ನಿಮ್ಮ ಅರ್ಜಿಯ ಜೊತೆ ಇಡಿ, ಸಂಕೋಚ ಬೇಡ. ಜೊತೆಗೆ ಆ ನಾಲ್ವರು ಯಾರು, ನಿಮ್ಮ ಅಂಕಿಅಂಶವನ್ನು ಯಾವುದಕ್ಕೆ ಬಳಸಿದರು ಅಂತ ಒಂದು ಪುಟ ಬರೆದು ಸೇರಿಸಿ.

ಪ್ರಶ್ನೆ: ನಾವು ಅಡಿಕೆ ಬೆಳೆಗಾರರು. ಈ ಪೇಪರು, ಸೈಟೇಷನ್ನು ಎಲ್ಲ ಅವರವರೊಳಗೇ ಆಯಿತು. ನಮಗೆ ಏನು ಬಂತು?
— ಬೆಳೆಗಾರ, ಸಿದ್ದಾಪುರ

ಉತ್ತರ: ನ್ಯಾಯವಾದ ಪ್ರಶ್ನೆ. ಉತ್ತರ ನಿಮ್ಮ ತೋಟದಲ್ಲೇ ಇದೆ.

ಕೊಳೆರೋಗಕ್ಕೆ ಹೊಡೆಯುತ್ತೀರಲ್ಲ, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಆ ಬೋರ್ಡೋ ದ್ರಾವಣ ಫ್ರಾನ್ಸಿನಲ್ಲಿ 1885ರ ಸುಮಾರಿಗೆ ದ್ರಾಕ್ಷಿ ರೋಗಕ್ಕೆ ಅಂತ ಬಂದಿದ್ದು, ಮಿಲಾರ್ಡೆ ಎಂಬ ವಿಜ್ಞಾನಿಯ ಕೆಲಸ. ಅದನ್ನು ಅಡಿಕೆ ಕೊನೆಗೆ (ಗೊಂಚಲಿಗೆ) ಹೊಡೆಯಬಹುದು ಅಂತ ತೋರಿಸಿ ಮಲೆನಾಡಿನಲ್ಲಿ ಹರಡಿದವರು ಲೆಸ್ಲಿ ಕೋಲ್ಮನ್, ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಕೆನಡಾದಿಂದ ಬಂದವರು. ಕೊಳೆರೋಗದ ಬಗ್ಗೆ ಅವರ ಬರಹ ಹೊರಬಂದಿದ್ದು 1910ರಲ್ಲಿ. ಅಲ್ಲಿಯವರೆಗೆ ಮಳೆ ತಾಗದ ಹಾಗೆ ಕೊನೆಗೆ ಕೊಟ್ಟೆ (ಹೊದಿಕೆ) ಕಟ್ಟುವುದೇ ದಾರಿಯಾಗಿತ್ತು. ರೋಗ ತರುವ ಜೀವಿ ಫೈಟಾಫ್ತೊರ. ಅದರ ಬೀಜಕಣ ಒಂದೇ ಕೋಶ, ಎರಡು ಬಾಲ, ಅಡಿಕೆಯ ಮೇಲಿನ ನೀರಿನ ಪದರದಲ್ಲಿ ಈಜಿಕೊಂಡು ಹೋಗಿ ಸಿಪ್ಪೆಗೆ ಅಂಟುತ್ತದೆ. ಮಳೆ ಬಿಡದೆ ಹಿಡಿದಾಗಲೇ ಕೊಳೆ ಜೋರಾಗುವುದು ಇದಕ್ಕೇ. ಮೈಲುತುತ್ತದಲ್ಲಿರುವ ತಾಮ್ರದ ಅಂಶ ಮೊದಲೇ ಅಲ್ಲಿದ್ದರೆ ಆ ಕೋಶ ಸಾಯುತ್ತದೆ. ಹಾಗಾಗಿಯೇ ಮಳೆ ಹಿಡಿಯುವ ಮುಂಚೆ ಹೊಡೆಯಿರಿ ಅನ್ನುವುದು, 40-45 ದಿನ ಬಿಟ್ಟು ಇನ್ನೊಮ್ಮೆ ಅನ್ನುವುದು.

ಪ್ರತಿ ಜೂನಿನಲ್ಲಿ ಸಾವಿರಾರು ಮರ ಹತ್ತಿ ದ್ರಾವಣ ಹೊಡೆಯುವವರು ಯಾರೂ ಕೋಲ್ಮನ್ ಹೆಸರು ಎಲ್ಲೂ ಬರೆಯುವುದಿಲ್ಲ, ಅದು ಯಾವ ಸೈಟೇಷನ್ ಲೆಕ್ಕಕ್ಕೂ ಬರುವುದಿಲ್ಲ. ಆದರೆ ನಾನು ಕೇಳಿದರೆ ಪ್ರಭಾವ ಅನ್ನುವುದು ಅದೇ. ಎಲೆಚುಕ್ಕೆ ರೋಗಕ್ಕೂ ಅಂಥದ್ದೊಂದು ಗಟ್ಟಿ ಉತ್ತರ ಸಿಗಲಿ ಅಂತ ನಿಮ್ಮ ಹಾಗೇ ನಾನೂ ಕಾಯುತ್ತಿದ್ದೇನೆ. ಅದರ ಮೇಲೆ ಕೆಲಸ ಮಾಡುವವರು ನಿಮ್ಮ ತೋಟಕ್ಕೆ ಮಾದರಿ ಕೇಳಿಕೊಂಡು ಬಂದರೆ ಕೊಡಿ, ಏನು ಸಿಕ್ಕಿತು ಅಂತ ವಾಪಸ್ ಬಂದು ಕನ್ನಡದಲ್ಲಿ ಹೇಳಿ ಹೋಗಿ ಅಂತ ಷರತ್ತೂ ಹಾಕಿ.

ಪ್ರಶ್ನೆ: ಪಿಯುಸಿ ಎರಡನೇ ವರ್ಷ. ನೀಟ್ ಬರೆಯಲು ಮನಸ್ಸಿಲ್ಲ. ಜೀವಕೋಶ ವಿಜ್ಞಾನಿ ಆಗಲು ಎಲ್ಲಿಂದ ಶುರು ಮಾಡಬೇಕು?
— ವಿದ್ಯಾರ್ಥಿನಿ, ಅಂಕೋಲಾ

ಉತ್ತರ: ಎರಡು ದಾರಿ. ಪಿಯುಸಿ ಆದ ಕೂಡಲೇ ಐಸರ್ ಎಂಬ ಕೇಂದ್ರ ಸರಕಾರದ ವಿಜ್ಞಾನ ಶಿಕ್ಷಣ ಸಂಸ್ಥೆಗಳ ಪ್ರವೇಶ ಪರೀಕ್ಷೆ ಬರೆದು ಐದು ವರ್ಷದ ಬಿಎಸ್-ಎಂಎಸ್‌ಗೆ ಹೋಗಬಹುದು. ಸೀಟು ಸಿಗದಿದ್ದರೆ ಅಳುವ ಅಗತ್ಯ ಇಲ್ಲ, ಕಾರವಾರದಲ್ಲೋ ಅಂಕೋಲಾದಲ್ಲೋ ಬಿಎಸ್ಸಿ ಮಾಡಿ, ಆಮೇಲೆ ಎಂಎಸ್ಸಿಗೆ ಐಐಟಿ ಜಾಮ್ ಅಥವಾ ಗ್ಯಾಟ್-ಬಿ ಪ್ರವೇಶ ಪರೀಕ್ಷೆ ಇದೆ. ಪಿಎಚ್‌ಡಿಗೆ ಸಿಎಸ್‌ಐಆರ್ ನೆಟ್, ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಂಥ ಕಡೆಗೆ ಜೆಗೀಬಿಲ್ಸ್ ಎಂಬ ಪರೀಕ್ಷೆ. ಆ ಎನ್‌ಸಿಬಿಎಸ್‌ನಲ್ಲೇ ಸತ್ಯಜಿತ್ ಮೇಯರ್ ಮತ್ತು ಅವರ ವಿದ್ಯಾರ್ಥಿ ರಜತ್ ವರ್ಮ, ಜೀವಕೋಶದ ಹೊರಪೊರೆಯಲ್ಲಿ ಕೆಲವು ಪ್ರೊಟೀನ್‌ಗಳು ಗುಂಪು ಕಟ್ಟಿಕೊಂಡು ಇರುತ್ತವೆ ಅಂತ 1998ರಲ್ಲಿ ನೇಚರ್‌ನಲ್ಲಿ ತೋರಿಸಿದರು. ಒಳ್ಳೆಯ ಜೀವಕೋಶ ವಿಜ್ಞಾನಕ್ಕೆ ದೇಶ ಬಿಟ್ಟೇ ಹೋಗಬೇಕು ಅಂತ ಇಲ್ಲ.

ಬಿಎಸ್ಸಿ ಸೇರಿದ ಮೇಲೆ ವಿಜ್ಞಾನ ಅಕಾಡೆಮಿಗಳು ಕೊಡುವ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿ, ಎರಡು ತಿಂಗಳು ನಿಜವಾದ ಲ್ಯಾಬಿನಲ್ಲಿ ಇರಬಹುದು. ಅರ್ಜಿ ಸಾಮಾನ್ಯವಾಗಿ ಚಳಿಗಾಲದಲ್ಲಿ ಕರೆಯುತ್ತಾರೆ, ನವೆಂಬರಿನಿಂದಲೇ ಕಣ್ಣಿಟ್ಟಿರಿ. ಅಲ್ಲಿಯವರೆಗೆ ನಿಮ್ಮ ಕಾಲೇಜಿನ ಮೈಕ್ರೊಸ್ಕೋಪ್ ಕಪಾಟಿನಲ್ಲೇ ಇದ್ದರೆ ಹೊರಗೆ ತೆಗೆಸಿ, ಬೇಕರಿಯಿಂದ ಒಂದು ಚಮಚ ಈಸ್ಟ್ ತನ್ನಿ, ಬೆಚ್ಚಗಿನ ಸಕ್ಕರೆ ನೀರಿನಲ್ಲಿ ಒಂದು ಗಂಟೆ ಬಿಟ್ಟು ನೋಡಿ. ಮೊಗ್ಗು ಒಡೆಯುತ್ತಿರುವ ಕೋಶಗಳು ಕಾಣುತ್ತವೆ.